ಚಿಕ್ಕ ಗನ್ ತಗೊಂಡ್ರೆ ಸುಲಭ ಅಲ್ವಾ?

ಪ್ರಶ್ನೆ: ನಮಸ್ಕಾರ ಸರ್. ನಾನು ವಿರಾಜಪೇಟೆ ಕಡೆಯವಳು, ವಯಸ್ಸು 41. ಈಗ ಟೆಕ್ಸಾಸ್‌ನಲ್ಲಿ, ಹೂಸ್ಟನ್ ಪಕ್ಕ ಇದ್ದೇವೆ. ಹೋದ ವರ್ಷ ನನಗೂ ನಮ್ಮ ಮನೆಯವರಿಗೂ ಗ್ರೀನ್ ಕಾರ್ಡ್ ಬಂತು. ವಾರದ ದಿನಗಳಲ್ಲಿ ಒಂದು ದೊಡ್ಡ ಕಂಪನಿಯ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ. ರಾತ್ರಿ 9ಕ್ಕೆ ಬಾಗಿಲು ಹಾಕಿ ಕಾರಿನವರೆಗೆ ಒಬ್ಬಳೇ ನಡೆಯಬೇಕು. ಶನಿವಾರ, ಭಾನುವಾರ ನಮ್ಮದೇ ಚಿಕ್ಕ ಇಂಡಿಯನ್ ಗ್ರೋಸರಿ ಅಂಗಡಿ ನೋಡಿಕೊಳ್ಳುತ್ತೇನೆ. ರಾತ್ರಿ ಹಣ ತೆಗೆದುಕೊಂಡು ಹೊರಡುವವಳೂ ನಾನೇ. ಮೊನ್ನೆ ನಮ್ಮ ಸಾಲಿನ ಇನ್ನೊಂದು ಅಂಗಡಿಯಲ್ಲಿ ದರೋಡೆ ಆದಮೇಲೆ ನಿದ್ದೆ ಬರುತ್ತಿಲ್ಲ. ಗನ್ ಅಂಗಡಿಯವನು ಅಂಗೈಯಷ್ಟು ಚಿಕ್ಕ ರಿವಾಲ್ವರ್ ತೋರಿಸಿ, "ಹೆಂಗಸರಿಗೆ ಇದೇ ಸರಿ, ಬ್ಯಾಗಿಗೆ ಹಾಕ್ಕೊಳ್ಳಿ, ಯಾವತ್ತೂ ಕೈಕೊಡಲ್ಲ" ಎಂದ. ನಮ್ಮ ಮನೆಯವರು ದೊಡ್ಡ ಗುಂಡಿನ .45 ಪಿಸ್ತೂಲು ತಗೋ, ಒಂದೇ ಗುಂಡಿಗೆ ಬೀಳುತ್ತಾರೆ ಅನ್ನುತ್ತಾರೆ. ಪಿಸ್ತೂಲಿನ ಸ್ಲೈಡ್, ಅಂದರೆ ಮೇಲೆ ಹಿಂದೆ ಮುಂದೆ ಜಾರುವ ಭಾಗ, ಎಳೆಯಲು ನನ್ನ ಕೈಯಲ್ಲಿ ಆಗಲಿಲ್ಲ. ಮಗನಿಗೆ 7 ವರ್ಷ. ಎಚ್-1ಬಿ ವೀಸಾದಲ್ಲಿರುವ ನನ್ನ ತಮ್ಮ ನಮ್ಮ ಜೊತೆಗೇ ಇದ್ದಾನೆ. ಅತ್ತೆಯವರು ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆ ಬಂದಿದ್ದಾರೆ. ಚಿಕ್ಕಂದಿನಿಂದ ಮನೆಯಲ್ಲಿ ಕೋವಿ ನೋಡಿದವಳು, ಹಾಗಾಗಿ ಗನ್ ಅಂದರೆ ಭಯ ಇಲ್ಲ. ಯಾವುದು ತೆಗೆದುಕೊಳ್ಳಲಿ?

ಉತ್ತರ: ನೀವು ಕೇಳಿರುವುದು ಒಂದು ಪ್ರಶ್ನೆ, ಚಿಂತೆ ಮಾತ್ರ ಎರಡಿದೆ. ವಾರದ ದಿನ ಕತ್ತಲಲ್ಲಿ ಕಾರಿನವರೆಗಿನ ನಡಿಗೆ ಒಂದು. ವಾರದ ಕೊನೆಗೆ ಹಣದ ಚೀಲ ಹಿಡಿದು ಹೊರಡುವುದು ಇನ್ನೊಂದು. ಒಂದು ಚಿಕ್ಕ ಗನ್ ಎರಡಕ್ಕೂ ಆಗುತ್ತದೆ ಅಂತ ಅಂಗಡಿಯವನು ಹೇಳಿದ್ದಾನೆ. ಮಾರುವುದು ಅವನ ಕೆಲಸ, ಬಿಡಿ. ನಾನು ಟೆಕ್ಸಾಸ್‌ನಲ್ಲಿ ಹ್ಯಾಂಡ್‌ಗನ್ ಬಳಕೆ ಕಲಿಸುವವನು. ಕಲಿಯಲು ಬಂದವರಿಗೆ ನಾನು ಮೊದಲು ಕೇಳುವುದು ಇಷ್ಟೇ: ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಆ ಗನ್ ಎಲ್ಲೆಲ್ಲಿ ಇರುತ್ತದೆ?

ನಿಮ್ಮ ವಿಷಯದಲ್ಲೇ ನೋಡೋಣ. ನೀವು ಕೆಲಸ ಮಾಡುವಂಥ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ನೌಕರರು ಡ್ಯೂಟಿಯಲ್ಲಿ ಗನ್ ಇಟ್ಟುಕೊಳ್ಳುವುದನ್ನು ಒಪ್ಪುವುದಿಲ್ಲ. ಕಾನೂನು ಆ ಹಕ್ಕನ್ನು ಅವರಿಗೆ ಕೊಟ್ಟಿದೆ. ನಿಮ್ಮ ಕಂಪನಿಯ ನೌಕರರ ಕೈಪಿಡಿ ತೆಗೆದು ಓದಿ. 2011ರಿಂದ ಟೆಕ್ಸಾಸ್‌ನಲ್ಲಿ ಒಂದು ಅನುಕೂಲ ಇದೆ: ಕಾನೂನು ಪ್ರಕಾರ ಇಟ್ಟುಕೊಂಡ ಗನ್ ನಿಮ್ಮ ಸ್ವಂತ ಕಾರಿನಲ್ಲಿ, ಬೀಗ ಹಾಕಿ, ಕಂಪನಿಯ ಪಾರ್ಕಿಂಗ್‌ನಲ್ಲಿ ಇದ್ದರೆ ಮಾಲೀಕರು ಸಾಮಾನ್ಯವಾಗಿ ಬೇಡ ಅನ್ನುವಂತಿಲ್ಲ. ಆದರೆ ಇದರ ಅರ್ಥ ಏನು? ನಿಮಗೆ ಭಯ ಆಗುವುದು ಅಂಗಡಿ ಬಾಗಿಲಿನಿಂದ ಕಾರಿನವರೆಗೆ. ಆ ಹೊತ್ತಿನಲ್ಲಿ ಗನ್ ಇರುವುದು ಕಾರಿನ ಒಳಗೆ. ಅಂದರೆ ವಾರದ ಐದು ದಿನ ನೀವು ಯಾವ ಗನ್ ಕೊಂಡರೂ, ಆ ನಡಿಗೆಯಲ್ಲಿ ಅದು ನಿಮ್ಮ ಜೊತೆ ಇರುವುದಿಲ್ಲ. ಮೇಲಾಗಿ ಎಂಟು ಗಂಟೆ ಪಾರ್ಕಿಂಗ್‌ನಲ್ಲಿ ನಿಂತ ಕಾರಿನಿಂದ ಗನ್ ಕದಿಯುವುದು ಇಲ್ಲಿ ದೊಡ್ಡ ಪಿಡುಗು. ಕಿಟಕಿ ಒಡೆಯಲು ಕಳ್ಳನಿಗೆ ಅರ್ಧ ನಿಮಿಷ ಸಾಕು.

ಹಾಗಾಗಿ ಆ ನಡಿಗೆಯ ಸಮಸ್ಯೆಯನ್ನು ಬೇರೆ ರೀತಿಯಲ್ಲೇ ಬಗೆಹರಿಸಬೇಕು. ಸಂಜೆ ಬಿಡುವಾದಾಗ ಹೊರಗೆ ಹೋಗಿ ಕಾರನ್ನು ಬಾಗಿಲ ಹತ್ತಿರದ ದೀಪದ ಕೆಳಗೆ ತಂದು ನಿಲ್ಲಿಸಿ. ಬಾಗಿಲು ಹಾಕುವಾಗ ಇಬ್ಬರು ಇರಲೇಬೇಕು ಅಂತ ಮ್ಯಾನೇಜರ್‌ಗೆ ಬರವಣಿಗೆಯಲ್ಲಿ ಕೇಳಿ. ಬಾಯಲ್ಲಿ ಕೇಳಿದ್ದು ಮರೆತುಹೋಗುತ್ತದೆ, ಇಮೇಲ್ ಉಳಿಯುತ್ತದೆ. ಸ್ವಂತ ರಕ್ಷಣೆಗೆ ಮಾರುವ ಚಿಕ್ಕ ಪೆಪ್ಪರ್ ಸ್ಪ್ರೇ ಡಬ್ಬಿಗೆ ಟೆಕ್ಸಾಸ್ ಕಾನೂನಿನಲ್ಲಿ ಅಡ್ಡಿ ಇಲ್ಲ. ಕಂಪನಿ ಒಪ್ಪುತ್ತದೆಯಾ ಅಂತ ಒಂದು ಮಾತು ಕೇಳಿಕೊಳ್ಳಿ. ಫೋನ್ ನೋಡುತ್ತಾ ನಡೆಯಬೇಡಿ. ಇದೆಲ್ಲ ಸಪ್ಪೆ ಅನ್ನಿಸಬಹುದು. ಆದರೂ ಆ ಹೊತ್ತಿಗೆ ಕೆಲಸಕ್ಕೆ ಬರುವುದು ಇದೇ.

ಇನ್ನು ಶನಿವಾರ, ಭಾನುವಾರ. ಅಂಗಡಿ ನಿಮ್ಮದು, ಅಲ್ಲಿ ಗನ್ ನಿಮ್ಮ ಮೈಮೇಲೆ ಇರಬಹುದು. ಇಲ್ಲಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಣ ಕೇಳಿದರೆ ಕೊಟ್ಟುಬಿಡಿ. ಟೆಕ್ಸಾಸ್ ಕಾನೂನಿನಲ್ಲಿ ಆಸ್ತಿ ಉಳಿಸಿಕೊಳ್ಳಲು, ಅದರಲ್ಲೂ ರಾತ್ರಿ ಹೊತ್ತಿನ ಕಳ್ಳತನ ತಡೆಯಲು, ಕೆಲವು ಷರತ್ತುಗಳ ಮೇಲೆ ಗುಂಡು ಹಾರಿಸಬಹುದು ಎಂಬ ವಿಧಿ ಇದೆ ನಿಜ. ಅಮೆರಿಕದ ಬೇರೆ ಕಡೆ ಇದು ಅಪರೂಪ. ಗನ್ ಅಂಗಡಿಗಳ ಹರಟೆಯಲ್ಲಿ ಇದನ್ನು ಬಹಳ ಹೆಮ್ಮೆಯಿಂದ ಹೇಳುತ್ತಾರೆ. ಆ ಷರತ್ತುಗಳನ್ನು ಕೋರ್ಟಿನಲ್ಲಿ ವಿವರಿಸುವ ಖರ್ಚು ಒಂದು ವಾರದ ಗಲ್ಲಾಪೆಟ್ಟಿಗೆಗಿಂತ ಎಷ್ಟೋ ಪಟ್ಟು ಜಾಸ್ತಿ. ಗನ್ ಇರುವುದು ಹಣ ಕೊಟ್ಟಮೇಲೂ ನಿಮ್ಮ ಜೀವಕ್ಕೆ ಕೈ ಹಾಕಿದರೆ ಮಾತ್ರ. ಹಣವನ್ನು ದಿನಾ ಒಂದೇ ಹೊತ್ತಿಗೆ, ಒಂದೇ ಚೀಲದಲ್ಲಿ, ಒಂದೇ ದಾರಿಯಲ್ಲಿ ಒಯ್ಯಬೇಡಿ. ಸಾಧ್ಯವಾದರೆ ಮೇಲಿನಿಂದ ಹಣ ಹಾಕುವ, ಒಳಗಿನಿಂದ ಸುಲಭಕ್ಕೆ ತೆಗೆಯಲಾಗದ ತಿಜೋರಿ ಹಾಕಿಸಿ, ಹಗಲು ಹೊತ್ತು ಬ್ಯಾಂಕಿಗೆ ಹೋಗಿ.

ಈಗ ಗನ್ ವಿಷಯಕ್ಕೆ ಬರೋಣ. ನಿಮಗೆ ತೋರಿಸಿದ ಚಿಕ್ಕ ರಿವಾಲ್ವರ್ ಕೆಟ್ಟ ಗನ್ ಅಂತ ನಾನು ಹೇಳುವುದಿಲ್ಲ. ಪಳಗಿದವರ ಕೈಯಲ್ಲಿ ಅದು ಒಳ್ಳೆಯ ಆಯುಧ. ಹೊಸಬರಿಗೆ ಮಾತ್ರ ಅದರಷ್ಟು ಕಷ್ಟದ್ದು ಇನ್ನೊಂದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಸ್ಮಿತ್ ಆಂಡ್ ವೆಸನ್ 642ನಂಥ ಐದು ಗುಂಡಿನ ರಿವಾಲ್ವರ್‌ನ ತೂಕ ಸುಮಾರು 425 ಗ್ರಾಂ. ಅದರ ಟ್ರಿಗರ್ ಎಳೆಯಲು ಬೇಕಾದ ಬಲ ಸುಮಾರು 12 ಪೌಂಡ್, ಅಂದರೆ ಐದೂವರೆ ಕಿಲೋ ಹತ್ತಿರ. ಗನ್‌ನ ತೂಕಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಬಲದಿಂದ ಬೆರಳು ಹಿಂದಕ್ಕೆ ಎಳೆಯಬೇಕು, ಆಗ ಗನ್ ಅಲುಗಬಾರದು. ನಳಿಗೆ ಎರಡು ಇಂಚಿಗಿಂತ ಚೂರು ಕಡಿಮೆ. ಗುರಿ ನೋಡುವ ಮೊನೆ, ಕಚ್ಚು ಎರಡೂ ಸಣ್ಣ. ಗುಂಡು ಹಾರಿದಾಗ ಗನ್ ಹಿಂದಕ್ಕೆ ಒದೆಯುತ್ತದೆ ಅಲ್ವಾ, ಆ ಒದೆತವನ್ನು ತಡೆಯುವುದು ಗನ್‌ನ ತೂಕ. ತೂಕವೇ ಇಲ್ಲದಿದ್ದರೆ ಪೂರ್ತಿ ಏಟು ನಿಮ್ಮ ಅಂಗೈಗೇ. ಇಂಥ ಗನ್ ಕೊಂಡ ಹೊಸಬರನ್ನು ನೋಡಿದ್ದೇನೆ. ಮೊದಲ ಡಬ್ಬಿ ಗುಂಡು ಮುಗಿಯುವ ಮೊದಲೇ ಹೆಬ್ಬೆರಳ ಬುಡ ಉರಿಯುತ್ತದೆ. ಆಮೇಲೆ ಅಭ್ಯಾಸಕ್ಕೆ ಬರುವುದೇ ನಿಲ್ಲುತ್ತದೆ. ಅಭ್ಯಾಸ ಇಲ್ಲದ ಗನ್ ಬ್ಯಾಗಿನಲ್ಲಿ ಹಾಗೇ ಕೂತಿರುತ್ತದೆ.

"ರಿವಾಲ್ವರ್ ಯಾವತ್ತೂ ಕೈಕೊಡಲ್ಲ" ಅನ್ನುವುದು ಅರ್ಧ ನಿಜ. ಪಿಸ್ತೂಲಿಗಿಂತ ಕಡಿಮೆ ಸಲ ಸಿಕ್ಕಿಹಾಕಿಕೊಳ್ಳುತ್ತದೆ. ಆದರೆ ತೀರಾ ಹಗುರದ ರಿವಾಲ್ವರ್‌ನಲ್ಲಿ ಒದೆತ ಎಷ್ಟಿರುತ್ತದೆ ಅಂದರೆ, ಇನ್ನೂ ಹಾರದ ಗುಂಡುಗಳ ತುದಿ ಮದ್ದು ತುಂಬಿದ ಕೇಸಿನಿಂದ ಮುಂದಕ್ಕೆ ಜಾರಿ, ಗುಂಡುಗಳು ಕೂರುವ ಸಿಲಿಂಡರ್ ತಿರುಗದಂತೆ ತಡೆಯಬಹುದು. ಪಿಸ್ತೂಲು ಸಿಕ್ಕಿಕೊಂಡರೆ ಸ್ಲೈಡ್ ಎಳೆದು ಎರಡು ಸೆಕೆಂಡಿನಲ್ಲಿ ಸರಿಮಾಡಲು ಕಲಿಸಬಹುದು. ರಿವಾಲ್ವರ್ ಹೀಗೆ ಬಿಗಿದುಕೊಂಡರೆ ನಿಂತ ಜಾಗದಲ್ಲಿ ಮಾಡುವಂಥದ್ದು ಏನೂ ಇಲ್ಲ.

ಹೆಂಗಸರಿಗೆ ಚಿಕ್ಕ ಗನ್ ಅನ್ನುವ ಮಾತಿಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಕೈ ಚಿಕ್ಕದಾದರೆ ಹಿಡಿಕೆ ಚಿಕ್ಕದಿರಬೇಕು, ಅಷ್ಟೇ. ತೂಕ, ನಳಿಗೆ ಎರಡನ್ನೂ ಕಡಿಮೆ ಮಾಡಿದರೆ ಗನ್ ಹೊರಲು ಹಗುರ ಆಗುತ್ತದೆ, ಹೊಡೆಯಲು ಭಾರ ಆಗುತ್ತದೆ.

ನಿಮ್ಮ ಮನೆಯವರ .45ಕ್ಕೆ ಬಂದರೆ, ಅವರ ಮನಸ್ಸಿನಲ್ಲಿರುವುದು ಬಹುಶಃ 1911 ಮಾದರಿ. ಉಕ್ಕಿನ ಗನ್, ಸುಮಾರು 1.1 ಕಿಲೋ, ಹಿಡಿಕೆಯೊಳಗೆ ಗುಂಡು ತುಂಬುವ ಮ್ಯಾಗಜೀನಿನಲ್ಲಿ ಏಳೆಂಟು ಗುಂಡು. ಒಂದೇ ಗುಂಡಿಗೆ ಬೀಳಿಸುವ ಹ್ಯಾಂಡ್‌ಗನ್ ಅಂತ ಯಾವುದೂ ಇಲ್ಲ. ಈ ವಾದ ಅಮೆರಿಕದಲ್ಲಿ ಬಹಳ ಹಳೆಯದು, ಅದಕ್ಕೊಂದು ಕಥೆಯೂ ಇದೆ. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ಎಫ್‌ಬಿಐಗೂ ಇಬ್ಬರು ಬ್ಯಾಂಕ್ ದರೋಡೆಕೋರರಿಗೂ ಗುಂಡಿನ ಕಾಳಗ ಆಯಿತು. ಒಬ್ಬ ದರೋಡೆಕೋರನಿಗೆ ಮೊದಲಲ್ಲೇ ತಗುಲಿದ 9ಎಂಎಂ ಗುಂಡು ಹೃದಯ ತಲುಪುವ ಮುಂಚೆಯೇ ನಿಂತುಬಿಟ್ಟಿತು. ಅವನು ಆಮೇಲೂ ಗುಂಡು ಹಾರಿಸುತ್ತಲೇ ಇದ್ದ. ಇಬ್ಬರು ಏಜೆಂಟರು ಸತ್ತರು. ಅದಾದಮೇಲೆ ಎಫ್‌ಬಿಐ ದೊಡ್ಡ ಗುಂಡಿನ ಹಿಂದೆ ಹೋಯಿತು. ಮೊದಲು 10ಎಂಎಂ, 1990ರ ದಶಕದಲ್ಲಿ .40 ಇಂಚಿನದು. ಜೊತೆಗೆ ಒಂದು ಪರೀಕ್ಷೆಯನ್ನೂ ಗೊತ್ತುಮಾಡಿತು: ಗುಂಡು ಮಾಂಸದಂಥ ಜೆಲ್ ಅಚ್ಚಿನಲ್ಲಿ 12ರಿಂದ 18 ಇಂಚು ಒಳಗೆ ಹೋಗಬೇಕು. ಗುಂಡು ತಯಾರಿಸುವವರು ಆ ಅಳತೆಗೆ ತಕ್ಕಂತೆ 9ಎಂಎಂ ಅನ್ನೂ ಸುಧಾರಿಸಿದರು. 2010ರ ದಶಕದ ಮಧ್ಯದ ಹೊತ್ತಿಗೆ ಎಫ್‌ಬಿಐ ತಿರುಗಿ 9ಎಂಎಂಗೇ ಬಂತು. ಕಾರಣ ಸರಳ. ಒದೆತ ಕಡಿಮೆ, ಗುಂಡು ಹೆಚ್ಚು ಹಿಡಿಯುತ್ತದೆ, ಹೆಚ್ಚಿನವರು ಅದರಲ್ಲೇ ಚೆನ್ನಾಗಿ ಗುರಿ ಹೊಡೆಯುತ್ತಾರೆ.

ನಿಮಗೂ 9ಎಂಎಂ ಸಾಕು. ಅಭ್ಯಾಸದ ಗುಂಡು .45ಕ್ಕಿಂತ, ಆ ಚಿಕ್ಕ ರಿವಾಲ್ವರ್‌ಗೆ ಹಾಕುವ .38ಕ್ಕಿಂತ ಅಗ್ಗವೂ ಹೌದು. ಹೊತ್ತು ತಿರುಗುವಾಗ ಹಾಲೋ ಪಾಯಿಂಟ್ ಗುಂಡು ಹಾಕಿ. ಅದರ ತುದಿಯಲ್ಲಿ ಕುಳಿ ಇರುತ್ತದೆ, ಮೈಯೊಳಗೆ ಹೊಕ್ಕಾಗ ಅರಳಿ ವೇಗ ಕಳೆದುಕೊಳ್ಳುತ್ತದೆ. ರೇಂಜ್‌ನಲ್ಲಿ, ಅಂದರೆ ಗುರಿ ಅಭ್ಯಾಸ ಮಾಡುವ ಜಾಗದಲ್ಲಿ, ಬಳಸುವ ದುಂಡು ತುದಿಯ ಗುಂಡು ತಗುಲಿದವನ ಮೈ ದಾಟಿ ಹಿಂದಿದ್ದವರಿಗೆ ಬಡಿಯುವ ಸಾಧ್ಯತೆ ಜಾಸ್ತಿ. ನಿಮ್ಮದು ಅಕ್ಕಿ ಮೂಟೆಗಳ ನಡುವೆ ಜನ ಓಡಾಡುವ ಅಂಗಡಿ, ಮರೆಯಬೇಡಿ.

ಸ್ಲೈಡ್ ಎಳೆಯಲು ಆಗಲಿಲ್ಲ ಎಂದಿದ್ದೀರಿ. ನನ್ನ ಬಳಿ ಬರುವ ಬಹಳ ಜನರದು ಇದೇ ದೂರು, ಗಂಡಸರದೂ. ಹೆಚ್ಚಿನ ಸಲ ಇದು ಬಲದ ಕೊರತೆ ಅಲ್ಲ, ಹಿಡಿತದ ತಪ್ಪು. ಎರಡು ಬೆರಳಲ್ಲಿ ಚಿವುಟಿದಂತೆ ಹಿಡಿದು, ಕೈ ನೀಡಿಕೊಂಡು ಎಳೆಯುತ್ತಾರೆ. ಗನ್ ಎದೆಯ ಹತ್ತಿರ ತನ್ನಿ. ನಳಿಗೆ ಮುಂದಕ್ಕೇ, ಖಾಲಿ ದಿಕ್ಕಿಗೇ ಇರಲಿ, ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಎಡ ಅಂಗೈಯನ್ನು ಸ್ಲೈಡ್ ಮೇಲೆ ಪೂರ್ತಿ ಕವಿಚಿ ಬಿಗಿಯಾಗಿ ಹಿಡಿಯಿರಿ. ಈಗ ಎಡಗೈ ಎಳೆಯುವುದರ ಬದಲು, ಬಲಗೈಯಿಂದ ಗನ್ ಅನ್ನು ಮುಂದಕ್ಕೆ ತಳ್ಳಿ. ಭುಜದ ಬಲ ಬರುತ್ತದೆ. ಇಷ್ಟು ಮಾಡಿಯೂ ಆಗದಿದ್ದರೆ, ಅಥವಾ ಸಂಧಿವಾತ ಏನಾದರೂ ಇದ್ದರೆ, ಅದಕ್ಕೆಂದೇ ಸ್ಲೈಡ್ ಸಡಿಲ ಮಾಡಿದ ಗನ್‌ಗಳಿವೆ.

ಹಾಗಾದರೆ ಯಾವುದು? ನಾನು ಮೂರನ್ನು ಕೈಗೆತ್ತಿಕೊಂಡು ನೋಡಿ ಅನ್ನುತ್ತೇನೆ. ಗ್ಲಾಕ್ 19: ಮ್ಯಾಗಜೀನ್ ಸೇರಿ ಖಾಲಿ ತೂಕ ಸುಮಾರು 670 ಗ್ರಾಂ, 15 ಗುಂಡು, ನಾಲ್ಕು ಇಂಚಿನ ನಳಿಗೆ. ಕಲಿಯಲು ಬಹಳ ಒಳ್ಳೆಯದು, ಅಡಗಿಸಲು ಸ್ವಲ್ಪ ದಪ್ಪ. 2018ರಲ್ಲಿ ಬಂದ ಸಿಗ್ ಪಿ365: ಸುಮಾರು 500 ಗ್ರಾಂ, 10 ಗುಂಡು, ಬಟ್ಟೆಯೊಳಗೆ ಸುಲಭವಾಗಿ ಅಡಗುತ್ತದೆ, ಒದೆತ ಗ್ಲಾಕ್‌ಗಿಂತ ಚುರುಕು. ಮೂರನೆಯದು ಸ್ಮಿತ್ ಆಂಡ್ ವೆಸನ್ ಶೀಲ್ಡ್ ಇಝಡ್, 9ಎಂಎಂನದ್ದು: 8 ಗುಂಡು, ಸಡಿಲ ಸ್ಲೈಡ್. ಇದರ ಹಿಡಿಕೆಯ ಹಿಂದೆ ಒಂದು ಗುಂಡಿ ಇದೆ, ಅಂಗೈ ಅದನ್ನು ಒತ್ತಿ ಹಿಡಿಯದ ಹೊರತು ಗುಂಡು ಹಾರುವುದಿಲ್ಲ. ನಿಮ್ಮ ಪತ್ರ ಓದಿದಮೇಲೆ ನನ್ನ ಮನಸ್ಸು ಮೂರನೆಯದರ ಕಡೆಗೇ ವಾಲುತ್ತದೆ. ಆದರೆ ನನ್ನ ಮಾತು ನಂಬಿ ಕೊಳ್ಳಬೇಡಿ. ಗನ್ ಬಾಡಿಗೆಗೆ ಕೊಡುವ ರೇಂಜ್‌ಗಳು ಹೂಸ್ಟನ್ ಸುತ್ತ ಬೇಕಾದಷ್ಟಿವೆ. ಮೂರರಲ್ಲೂ ಒಂದೊಂದು ಡಬ್ಬಿ, ಅಂದರೆ 50 ಗುಂಡು, ಬೇರೆ ಬೇರೆ ದಿನ ಹೊಡೆದು ನೋಡಿ. ಏಳು ಗಜ ದೂರದ ಕಾಗದದಲ್ಲಿ ಯಾವುದರ ತೂತುಗಳು ಒತ್ತಟ್ಟಿಗೆ ಬಿದ್ದಿವೆಯೋ ಅದನ್ನು ಕೊಳ್ಳಿ. ಒಳಾಂಗಣ ರೇಂಜ್‌ನಲ್ಲಿ ಕಿವಿಯೊಳಗಿನ ಬಿರಡೆ, ಮೇಲಿನ ಮುಚ್ಚಿಗೆ ಎರಡೂ ಹಾಕಿಕೊಳ್ಳಿ. ಮನೆಗೆ ಬಂದ ತಕ್ಷಣ ಕೈ ತೊಳೆದು ಬಟ್ಟೆ ಬದಲಿಸಿ ಮಗನ ಹತ್ತಿರ ಹೋಗಿ. ಗುಂಡಿನಲ್ಲಿ ಸೀಸ ಇರುತ್ತದೆ.

ಗನ್‌ಗಿಂತ ಹೋಲ್ಸ್ಟರ್, ಅಂದರೆ ಗನ್ ಸಿಕ್ಕಿಸಿಕೊಳ್ಳುವ ಒರೆಯ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿದೆ. ಗನ್ ಹೊತ್ತು ತಿರುಗುವವರು ತಮಗೆ ತಾವೇ ಗುಂಡು ಹೊಡೆದುಕೊಳ್ಳುವುದು ಬಹಳ ಸಲ ಗನ್ ಅನ್ನು ಹೋಲ್ಸ್ಟರ್‌ಗೆ ವಾಪಸ್ ಹಾಕುವಾಗ. ಶರ್ಟಿನ ಅಂಚೋ, ಜಾಕೆಟ್ಟಿನ ದಾರವೋ ಟ್ರಿಗರ್‌ಗೆ ಸಿಕ್ಕಿಕೊಳ್ಳುತ್ತದೆ. ತಳ್ಳಿದ ರಭಸಕ್ಕೆ ಗುಂಡು ಹಾರುತ್ತದೆ. ಅದಕ್ಕೇ ಹೋಲ್ಸ್ಟರ್ ಗಟ್ಟಿ ಪ್ಲಾಸ್ಟಿಕ್‌ದು ಇರಬೇಕು, ಆ ಮಾದರಿ ಗನ್‌ಗೇ ಅಚ್ಚು ಹಾಕಿದ್ದಾಗಿರಬೇಕು, ಟ್ರಿಗರ್ ಪೂರ್ತಿ ಮುಚ್ಚಬೇಕು. ಬಟ್ಟೆಯ ಮೆತ್ತನೆ ಚೀಲಗಳನ್ನು ಮುಟ್ಟಬೇಡಿ. ವಾಪಸ್ ಹಾಕುವಾಗ ಅವಸರ ಬೇಡ. ಕಣ್ಣಿಟ್ಟು ನೋಡಿ, ಬಟ್ಟೆ ಸರಿಸಿ, ಬೆರಳು ನೆಟ್ಟಗಿಟ್ಟು ಹಾಕಿ.

ಇನ್ನು ನಮ್ಮ ಉಡುಪು. ಇಲ್ಲಿನ ಬೋಧಕರು ಇದರ ಬಗ್ಗೆ ಮಾತೇ ಆಡುವುದಿಲ್ಲ, ಅವರಿಗೆ ಗೊತ್ತಿಲ್ಲ. ಜೀನ್ಸ್, ದಪ್ಪ ಬೆಲ್ಟ್, ಮೇಲೊಂದು ಸಡಿಲ ಕುರ್ತಾ ಹಾಕಿದರೆ ಸೊಂಟದ ಗನ್ ಚೆನ್ನಾಗಿ ಮುಚ್ಚಿಹೋಗುತ್ತದೆ. ಲೆಗ್ಗಿಂಗ್ಸ್, ಸಲ್ವಾರ್‌ನ ಇಲಾಸ್ಟಿಕ್ ಅಥವಾ ಲಾಡಿಗೆ ಆ ಭಾರ ಹೊರುವ ಶಕ್ತಿ ಇಲ್ಲ, ಜೋತು ಬೀಳುತ್ತದೆ. ಅದಕ್ಕೆ ಒಳಗಿನಿಂದ ಕಟ್ಟುವ ಬಿಗಿ ಪಟ್ಟಿ, ಅದರ ಮೇಲೆ ಗಟ್ಟಿ ಹೋಲ್ಸ್ಟರ್ ಇರುವ ವ್ಯವಸ್ಥೆ ಸಿಗುತ್ತದೆ. ಉದ್ದ ಕುರ್ತಾ ಆದರೆ ಬೇಗ ಎತ್ತಲು ಆಗುವುದಿಲ್ಲ, ಖಾಲಿ ಗನ್ ಇಟ್ಟು ಕನ್ನಡಿ ಮುಂದೆ ಅಭ್ಯಾಸ ಮಾಡಿಯೇ ನೋಡಬೇಕು. ಸೀರೆ ಉಟ್ಟ ದಿನ ಗನ್ ಮನೆಯ ತಿಜೋರಿಯಲ್ಲೇ ಇರಲಿ. ಸೀರೆಯ ಜೊತೆ ಸುರಕ್ಷಿತವಾಗಿ ಹೊರುವ ದಾರಿ ನನಗೆ ಕಂಡಿಲ್ಲ.

ಬ್ಯಾಗು ಬೇಡವೇ ಬೇಡ. 2014ರ ಡಿಸೆಂಬರ್‌ನಲ್ಲಿ ಐಡಹೋದ ಒಂದು ವಾಲ್‌ಮಾರ್ಟ್‌ನಲ್ಲಿ ಏನಾಯಿತು ಅಂದರೆ, ಶಾಪಿಂಗ್ ಕಾರ್ಟ್‌ನಲ್ಲಿ ಕೂತಿದ್ದ ಎರಡು ವರ್ಷದ ಮಗು ಅಮ್ಮನ ಬ್ಯಾಗಿನಿಂದ ಗನ್ ತೆಗೆಯಿತು. ಗುಂಡು ಹಾರಿ ಅಮ್ಮ ಅಲ್ಲೇ ಸತ್ತರು. ಆ ಬ್ಯಾಗು ಗನ್ ಇಡುವುದಕ್ಕೆಂದೇ ಪ್ರತ್ಯೇಕ ಜಿಪ್ ಜೇಬಿಟ್ಟು ಮಾಡಿದ್ದು. ಗನ್ ಬಗ್ಗೆ ಗೊತ್ತಿದ್ದ ಮನೆಯವರೇ. ಇದಲ್ಲದೆ ದರೋಡೆಕೋರ ಮೊದಲು ಕಿತ್ತುಕೊಳ್ಳುವುದೇ ಬ್ಯಾಗು. ಅಂಗಡಿಯಲ್ಲಿ ಕೌಂಟರ್ ಮೇಲೆ ಇಟ್ಟು ಸಾಮಾನು ತೂಗಲು ಹೋಗುತ್ತೀರಿ, ಬಚ್ಚಲಿಗೆ ಹೋಗುತ್ತೀರಿ. ಮೈಮೇಲೆ ಇಲ್ಲದ ಗನ್ ನಿಮ್ಮ ಹಿಡಿತದಲ್ಲಿ ಇಲ್ಲ.

ಮನೆಯಲ್ಲಿಯೂ ಅದೇ ನಿಯಮ. ಮೈಮೇಲಿರಬೇಕು, ಇಲ್ಲದಿದ್ದರೆ ಬೀಗದೊಳಗಿರಬೇಕು. ಅಟ್ಟದ ಮೇಲೆ, ದಿಂಬಿನ ಕೆಳಗೆ, ಬೀರುವಿನ ಸೀರೆಗಳ ನಡುವೆ ಇಟ್ಟರೆ ಏಳು ವರ್ಷದ ಹುಡುಗ ಹುಡುಕದೆ ಬಿಡುವುದಿಲ್ಲ. 17 ವರ್ಷದೊಳಗಿನ ಮಕ್ಕಳ ಕೈಗೆ ಗುಂಡು ತುಂಬಿದ ಗನ್ ಸಿಗುವಂತೆ ಇಟ್ಟರೆ ಟೆಕ್ಸಾಸ್‌ನಲ್ಲಿ ಅದು ಅಪರಾಧ. ನೆಲಕ್ಕೋ ಗೋಡೆಗೋ ಬೋಲ್ಟ್ ಹಾಕಿದ, ಬಟನ್ ಒತ್ತಿ ತೆರೆಯುವ ಚಿಕ್ಕ ತಿಜೋರಿ ಕೊಳ್ಳಿ. ಇನ್ನೊಂದು ವಿಷಯ ಕೇಳಲು ಮುಜುಗರ, ಆದರೂ ಕೇಳಲೇಬೇಕು. ಅಮೆರಿಕದಲ್ಲಿ ಗುಂಡಿಗೆ ಬಲಿಯಾಗುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರದು ಆತ್ಮಹತ್ಯೆ. ಮನೆಯಲ್ಲಿ ಯಾರಿಗಾದರೂ, ನಿಮಗೂ ಸೇರಿ, ಮನಸ್ಸು ಕುಸಿದಿದ್ದರೆ ಈಗ ಗನ್ ತರಬೇಡಿ. ನಿದ್ದೆ ಬರುತ್ತಿಲ್ಲ ಎಂದು ಬರೆದಿದ್ದೀರಿ. ಅದಕ್ಕೆ ಮೊದಲು ಡಾಕ್ಟರ್ ಹತ್ತಿರ ಹೋಗಿ ಬನ್ನಿ. ಗನ್ ಒಂದು ತಿಂಗಳು ತಡವಾದರೆ ಏನೂ ಆಗುವುದಿಲ್ಲ.

ತಮ್ಮನ ವಿಷಯ. ನೀವು ಕೇಳದಿದ್ದರೂ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಗ್ರೀನ್ ಕಾರ್ಡ್ ಇರುವವರು ಗನ್ ಕೊಳ್ಳಬಹುದು. ಅಂಗಡಿಯಲ್ಲಿ 4473 ನಮೂನೆ ತುಂಬಬೇಕು, ಕಾರ್ಡಿನ ಮೇಲಿನ ನಂಬರ್ ಕೊಡಬೇಕು, ಈಗಿನ ವಿಳಾಸ ಇರುವ ಗುರುತುಚೀಟಿ ತೋರಿಸಬೇಕು. ಎಚ್-1ಬಿಯವರಿಗೆ, ವಿಸಿಟರ್ ವೀಸಾದವರಿಗೆ ಕೇಂದ್ರ ಕಾನೂನು ಗನ್ ಅಥವಾ ಗುಂಡು ಇಟ್ಟುಕೊಳ್ಳುವುದನ್ನೇ ನಿಷೇಧಿಸಿದೆ. ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ, ಆದರೆ ವಲಸೆ ವಕೀಲರನ್ನು ಕೇಳದೆ ಅದನ್ನು ನೆಚ್ಚಿಕೊಳ್ಳಬೇಡಿ. ಸುಮ್ನೆ ರೇಂಜ್‌ನಲ್ಲಿ ಒಂದೆರಡು ಸಲ ಹೊಡೆದು ನೋಡಲಿ ಅಂತ ತಮ್ಮನ ಕೈಗೆ ಕೊಡುತ್ತಾರೆ, ಫೋಟೋ ತೆಗೆದು ಹಾಕುತ್ತಾರೆ. ಕೈಯಲ್ಲಿ ಹಿಡಿದರೂ ಇಟ್ಟುಕೊಂಡಂತೆಯೇ ಲೆಕ್ಕವಾಗಬಹುದು. ಕೊಟ್ಟವರದೂ ಅಪರಾಧವೇ. ತಿಜೋರಿಯ ನಂಬರ್ ಅವನಿಗೂ ಅತ್ತೆಯವರಿಗೂ ಗೊತ್ತಿರಬಾರದು. "ಅಕ್ಕ, ನಿನ್ನ ಹೆಸರಿನಲ್ಲಿ ನನಗೊಂದು ತಗೊಂಡು ಕೊಡು" ಅಂದರೆ ಖಂಡಿತ ಬೇಡ. ಹೀಗೆ ಗನ್ ಇಟ್ಟುಕೊಳ್ಳಬಾರದವರಿಗಾಗಿ ನಿಮ್ಮ ಹೆಸರಿನಲ್ಲಿ ಕೊಂಡರೆ 2022ರ ಕಾನೂನಿನ ಪ್ರಕಾರ 15 ವರ್ಷದವರೆಗೆ ಜೈಲು. ಗನ್ ಕೇಸಿನಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಹೊರಗೆ ಕಳಿಸಬಹುದು. ಇಲ್ಲಿ ಹುಟ್ಟಿದ ನನ್ನ ಬೇರೆ ವಿದ್ಯಾರ್ಥಿಗಳಿಗೆ ಈ ಅಪಾಯ ಇಲ್ಲ, ನಿಮಗೆ ಇದೆ.

2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ 21 ವರ್ಷ ತುಂಬಿದ, ಕಾನೂನು ಅಡ್ಡಿ ಇಲ್ಲದ ಯಾರು ಬೇಕಾದರೂ ಲೈಸೆನ್ಸ್ ಇಲ್ಲದೆ ಹ್ಯಾಂಡ್‌ಗನ್ ಹೊತ್ತು ತಿರುಗಬಹುದು. ಆದರೂ ನೀವು ಲೈಸೆನ್ಸ್ ಮಾಡಿಸಿ. ಶುಲ್ಕ 40 ಡಾಲರ್. ತರಗತಿಯ ಕೊನೆಗೆ 3, 7, 15 ಗಜ ದೂರದಿಂದ 50 ಗುಂಡಿನ ಪರೀಕ್ಷೆ, 250 ಅಂಕಕ್ಕೆ 175 ಬಂದರೆ ಪಾಸ್. ಕೇಂದ್ರ ಕಾನೂನು ಶಾಲೆಯ ಸುತ್ತ 1,000 ಅಡಿಯೊಳಗೆ ಗನ್ ಒಯ್ಯುವುದನ್ನು ತಡೆಯುತ್ತದೆ, ರಾಜ್ಯದ ಲೈಸೆನ್ಸ್ ಇದ್ದವರಿಗೆ ಆ ರಾಜ್ಯದಲ್ಲಿ ವಿನಾಯಿತಿ ಇದೆ. ಮಗನನ್ನು ಶಾಲೆಗೆ ಬಿಡುವ ನಿಮಗೆ ಇದು ದೊಡ್ಡ ವಿಷಯ. ಶಾಲೆಯ ಕಟ್ಟಡದೊಳಗೆ ಮಾತ್ರ ಲೈಸೆನ್ಸ್ ಇದ್ದರೂ ಒಯ್ಯುವಂತಿಲ್ಲ. ಅಂಗಡಿ, ದೇವಸ್ಥಾನಗಳ ಬಾಗಿಲಲ್ಲಿ ಗನ್ ತರಬೇಡಿ ಅನ್ನುವ 30.05, 30.06, 30.07 ನಂಬರಿನ ಫಲಕಗಳಿದ್ದರೆ ನಿಂತು ಓದಿ. 30.06 ಅಂದರೆ ಲೈಸೆನ್ಸ್ ಇದ್ದು ಅಡಗಿಸಿಟ್ಟುಕೊಂಡವರೂ ಬರಬಾರದು ಅಂತ. ಅಂಚೆ ಕಚೇರಿಗೆ ಗನ್ ಒಯ್ಯಬೇಡಿ. ಬೇರೆ ರಾಜ್ಯಕ್ಕೆ ಹೊರಟರೆ ಅಲ್ಲಿ ಟೆಕ್ಸಾಸ್ ಲೈಸೆನ್ಸ್ ನಡೆಯುತ್ತದೆಯಾ ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಲ್ಲಿ ನಡೆಯುವುದಿಲ್ಲ.

ಕೋವಿ ನೋಡಿ ಬೆಳೆದಿದ್ದೀರಿ, ಕೈಲ್ ಮುಹೂರ್ತಕ್ಕೆ ಪೂಜೆ ಮಾಡಿದ್ದೀರಿ, ಆಯುಧಕ್ಕೆ ಮರ್ಯಾದೆ ಕೊಡುವುದು ನಿಮಗೆ ಹೇಳಿಕೊಡಬೇಕಿಲ್ಲ. ಒಂದೇ ಎಚ್ಚರಿಕೆ. ಉದ್ದ ನಳಿಗೆಯ ಕೋವಿ ಯಾವ ಕಡೆ ತಿರುಗಿದೆ ಅಂತ ಸುತ್ತಲಿದ್ದವರಿಗೆಲ್ಲ ಕಾಣುತ್ತದೆ. ಹ್ಯಾಂಡ್‌ಗನ್ ಹಾಗಲ್ಲ, ಮಣಿಕಟ್ಟು ಚೂರು ತಿರುಗಿದರೂ ನಳಿಗೆ ಪಕ್ಕದವರ ಹೊಟ್ಟೆಗೆ ನೇರ ಆಗಿರುತ್ತದೆ. ಕೋವಿ ಬಲ್ಲವರೇ ರೇಂಜ್‌ನಲ್ಲಿ ಮಾತಾಡುತ್ತಾ ನನ್ನ ಕಡೆ ತಿರುಗುವುದು ಜಾಸ್ತಿ. ಮೊದಲ ಕೆಲವು ವಾರ ಚೇಂಬರ್, ಅಂದರೆ ನಳಿಗೆಯ ಹಿಂದೆ ಗುಂಡು ಕೂರುವ ಜಾಗ, ಖಾಲಿ ಇಟ್ಟು ಮನೆಯಲ್ಲೇ ಹೋಲ್ಸ್ಟರ್ ಹಾಕಿಕೊಂಡು ಓಡಾಡಿ. ಟ್ರಿಗರ್ ತಾನಾಗಿ ಒತ್ತಿಹೋಗುವುದಿಲ್ಲ ಅಂತ ನಂಬಿಕೆ ಬರುತ್ತದೆ. ಆಮೇಲೆ ಚೇಂಬರ್ ತುಂಬಿ. ಯಾವಾಗಲೂ ಖಾಲಿ ಇಡುವುದೇ ಸುರಕ್ಷಿತ ಅನ್ನುವವರಿದ್ದಾರೆ. ಬೇಕಾದ ಗಳಿಗೆಯಲ್ಲಿ ಸ್ಲೈಡ್ ಎಳೆಯಲು ಎರಡು ಕೈ ಬಿಡುವಾಗಿರುತ್ತವೆ ಅನ್ನುವ ಖಾತ್ರಿ ಅವರಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಖಾಲಿ ಗನ್‌ನಲ್ಲಿ ಟ್ರಿಗರ್ ಅಭ್ಯಾಸ ಮಾಡುವಾಗ ಗುಂಡುಗಳು ಬೇರೆ ಕೋಣೆಯಲ್ಲಿರಲಿ.

ದುಡ್ಡಿನ ಲೆಕ್ಕ ಹಾಕುವಾಗ ಗನ್‌ಗೆ ಸುಮಾರು 500 ಡಾಲರ್ ಇಟ್ಟುಕೊಂಡರೆ, ಹೋಲ್ಸ್ಟರ್, ತಿಜೋರಿ, ತರಗತಿ, ಅಭ್ಯಾಸದ ಗುಂಡು ಸೇರಿ ಅಷ್ಟೇ ಇನ್ನೊಮ್ಮೆ ಎತ್ತಿಡಿ. ಅದಕ್ಕೆ ಕೈಯಲ್ಲಿ ಆಗದಿದ್ದರೆ ಗನ್ ಕೊಳ್ಳುವುದನ್ನು ಮುಂದಕ್ಕೆ ಹಾಕಿ. ಪೊಲೀಸರು ಕಾರು ನಿಲ್ಲಿಸಿದರೆ ಎರಡೂ ಕೈ ಸ್ಟಿಯರಿಂಗ್ ಮೇಲೆ ಇಟ್ಟು, ಗುರುತುಚೀಟಿ ಕೇಳಿದಾಗ ಲೈಸೆನ್ಸನ್ನೂ ಸೇರಿಸಿ ಕೊಡಿ. ಗನ್ ಎಲ್ಲಿದೆ ಅಂತ ಬಾಯಲ್ಲಿ ಹೇಳಿ, ಕೈ ತೋರಿಸಲು ಹೋಗಬೇಡಿ.

ರೇಂಜ್‌ಗೆ ಒಯ್ಯುವ ಬ್ಯಾಗನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಊರಿಗೆ ಹೊರಡುವಾಗ ಅದನ್ನೇ ತೊಳೆದು ಬಟ್ಟೆ ತುಂಬುವವರಿದ್ದಾರೆ. ಅಡಿಯ ಜೇಬಿನಲ್ಲಿ ಮರೆತ ಒಂದೇ ಒಂದು ಗುಂಡು ಬೆಂಗಳೂರು ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಕಂಡರೆ ಆಯುಧ ಕಾಯ್ದೆಯಡಿ ಕೇಸು ಬೀಳುತ್ತದೆ. ಗೊತ್ತಿಲ್ಲದೆ ಉಳಿದದ್ದು ಅಂತ ಸಾಬೀತಾದರೆ ಕೋರ್ಟುಗಳು ಬಿಟ್ಟಿರುವ ಉದಾಹರಣೆಗಳಿವೆ. ಆದರೆ ಅಷ್ಟರಲ್ಲಿ ರಜೆಯೆಲ್ಲ ಠಾಣೆ, ವಕೀಲರು ಅಂತ ಮುಗಿದಿರುತ್ತದೆ. ಕೊಡಗಿನವರಿಗೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯನ್ನು ತೋರಿಸಿ ಇದರಿಂದ ಪಾರಾಗಬಹುದು ಅಂತ ನೆಚ್ಚಿಕೊಳ್ಳಬೇಡಿ. ಹೊರಡುವ ಹಿಂದಿನ ದಿನ ಕಾರಿನ ಡಿಕ್ಕಿ, ಜಾಕೆಟ್ ಜೇಬು, ಮಗನ ಸ್ಕೂಲ್ ಬ್ಯಾಗ್ ಸಮೇತ ಎಲ್ಲ ಕೊಡವಿ ನೋಡಿ, ಗನ್ ತಿಜೋರಿಯಲ್ಲಿಟ್ಟು ಹೊರಡಿ. ನೀವಿಬ್ಬರೂ ಊರಿನಲ್ಲಿರುವಾಗ ತಮ್ಮ ಒಬ್ಬನೇ ಮನೆಯಲ್ಲಿರುವುದಾದರೆ, ಗನ್ ಅನ್ನು ಅಷ್ಟು ದಿನ ಎಲ್ಲಿ ಇಡಬೇಕು ಅಂತ ವಕೀಲರನ್ನೋ, ಇಟ್ಟುಕೊಳ್ಳುವ ಸೌಲಭ್ಯ ಇರುವ ರೇಂಜ್‌ನವರನ್ನೋ ಟಿಕೆಟ್ ಮಾಡಿಸುವಾಗಲೇ ವಿಚಾರಿಸಿ.